ಹಿರಿಯರ ಎಡೆಯ ಕಜ್ಜಾಯ: ‘ಹದ’ವೆಂಬ ಮೌಖಿಕ ಜ್ಞಾನ

ಭಾದ್ರಪದ ಮಾಸದ ಕೃಷ್ಣಪಕ್ಷವು ಪಿತೃಪಕ್ಷವೆಂದೂ ಅದರ ಕೊನೆಯ ದಿನವು ಮಹಾಲಯ ಅಮಾವಾಸ್ಯೆಯೆಂದೂ ಪ್ರಸಿದ್ಧವಾಗಿವೆ. ಬಾಗಲೂರು, ಯಲಹಂಕ, ದೇವನಹಳ್ಳಿ ಪರಿಸರದ ಒಕ್ಕಲು ಮನೆತನಗಳಲ್ಲಿ ಈ ಆಚರಣೆಗೆ ‘ಹಿರಿಯರ ಹಬ್ಬ’ವೆಂಬ ದೇಸಿ ಹೆಸರಿದೆ. ವೈದಿಕ ಶ್ರಾದ್ಧದಲ್ಲಿ ಮಂತ್ರಕ್ಕಿರುವ ಪ್ರಾಧಾನ್ಯ ಇಲ್ಲಿ ಅಡುಗೆಗೆ ಸಲ್ಲುತ್ತದೆ. ಗತಿಸಿದವರ ಹೆಸರಿನಲ್ಲಿ ಹೊಸ ಬಟ್ಟೆಯಿಟ್ಟು, ಅವರಿಗೆ ಪ್ರಿಯವಾಗಿದ್ದ ತಿನಿಸುಗಳನ್ನು ಬಾಳೆಯೆಲೆಯಲ್ಲಿ ಎಡೆಯಾಗಿ ಇಡುವುದು ವಾಡಿಕೆ. ಇಂತಹ ಎಡೆಯ ಸಿಹಿಗಳಲ್ಲಿ ಕಜ್ಜಾಯವೂ ಒಂದು. ದೀಪಾವಳಿಯ ನೋಮಿನಲ್ಲಿಯೂ ಇದು ಮರಳಿ ಕಾಣಿಸಿಕೊಳ್ಳುತ್ತದೆ. ತೆಲುಗಿನ ಅರಿಸೆಲು, ತಮಿಳಿನ ಅದಿರಸ, ಮರಾಠಿಯ ಅನಾರಸೆಗಳು ಇದರ ಸಮೀಪದ ಬಂಧುಗಳು.

ಕಜ್ಜಾಯದ ಸಾಮಗ್ರಿ ಸರಳವಾದುದು: ಅಕ್ಕಿ, ಬೆಲ್ಲ, ಎಳ್ಳು ಅಥವಾ ಗಸಗಸೆ, ಏಲಕ್ಕಿ. ಕ್ಲಿಷ್ಟವಾದುದು ಅದರ ಕ್ರಮ. ನೆನೆಸಿದ ಅಕ್ಕಿಯನ್ನು ಬಸಿದು ನೆರಳಿನಲ್ಲಿ ಆರಿಸಿ, ತೇವ ಪೂರ್ತಿ ಹೋಗುವ ಮೊದಲೇ ಕುಟ್ಟಿ ಜರಡಿ ಹಿಡಿಯಬೇಕು. ಒಣ ಹಿಟ್ಟು ಪಾಕವನ್ನು ಹೀರಿ ಗಟ್ಟಿಯಾಗುತ್ತದೆ. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟಾಗ ಅದು ಕರಗದೆ ಮೆತ್ತನೆಯ ಉಂಡೆಯಾಗಬೇಕು. ಪಾಕ ಎಳಸಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆಯುತ್ತದೆ, ಮೀರಿದರೆ ಕಲ್ಲಾಗುತ್ತದೆ. ಕಲಸಿದ ಹಿಟ್ಟನ್ನು ಒಂದೆರಡು ದಿನ ಮುಚ್ಚಿಟ್ಟು, ಅನಂತರ ಎಲೆಯ ಮೇಲೆ ತಟ್ಟಿ ಕರಿದು, ಎಣ್ಣೆ ಇಳಿಯುವಂತೆ ಒತ್ತಿ ತೆಗೆಯುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಸೇರು, ಪಾವುಗಳ ಅಳತೆ ಅಂದಾಜಿಗೆ ಮಾತ್ರ ಒದಗುತ್ತದೆ ಎಂಬುದು. ಅಕ್ಕಿ ಹಳೆಯದೋ ಹೊಸದೋ, ಬೆಲ್ಲದಲ್ಲಿ ನೀರಿನಂಶ ಎಷ್ಟು ಎಂಬುದನ್ನು ಅನುಸರಿಸಿ ಪ್ರತಿ ಬಾರಿಯೂ ಲೆಕ್ಕ ಬದಲಾಗುತ್ತದೆ. ಆದುದರಿಂದಲೇ ಅತ್ತೆಯಿಂದ ಸೊಸೆಗೆ ದಾಟುವುದು ಪ್ರಮಾಣವಲ್ಲ, ‘ಹದ’. ಕನ್ನಡದಲ್ಲಿ ಪಾಕಶಾಸ್ತ್ರವನ್ನು ಬರೆದಿಡುವ ಪರಂಪರೆ ಪ್ರಾಚೀನವಾದುದು. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇದಕ್ಕೆ ನಿದರ್ಶನ. ಆದರೆ ಕೈ ಮತ್ತು ಕಣ್ಣುಗಳಲ್ಲಿ ನೆಲೆಸಿದ ಹದ ಲಿಪಿಗೆ ಸುಲಭವಾಗಿ ಒಗ್ಗುವುದಿಲ್ಲ. ಅದನ್ನು ಕಲಿಯಲು ಒಲೆಯ ಮುಂದೆ ಜೊತೆಗೆ ಕೂರಬೇಕು. ಹೀಗಾಗಿ ಹಿರಿಯರ ಹಬ್ಬ ಸ್ಮರಣೆಯ ದಿನವಾಗಿರುವಂತೆ ಕಲಿಕೆಯ ದಿನವೂ ಹೌದು. ಅನೇಕ ವೇಳೆ ಎಡೆಯನ್ನು ಪಡೆಯುವ ಹಿರಿಯಳೇ ಆ ಮನೆಗೆ ಹದವನ್ನು ಕೊಟ್ಟುಹೋದವಳಾಗಿರುತ್ತಾಳೆ.

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ಹೊಲಗಳು ಬಡಾವಣೆಗಳಾಗುವ ವೇಗ ಹೆಚ್ಚಿತು. ಕೂಡುಕುಟುಂಬಗಳು ಒಡೆದು, ಎಡೆಗೆ ಅಂಗಡಿಯ ಕಜ್ಜಾಯವನ್ನು ತರುವ ಮನೆಗಳೂ ಇವೆ. ಇದರಿಂದ ಆಚರಣೆಯೇನೂ ನಿಲ್ಲುವುದಿಲ್ಲ, ತಿನಿಸೂ ಉಳಿಯುತ್ತದೆ. ಕಡಿದುಹೋಗುವುದು ಕಲಿಸುವ ಸಂದರ್ಭ ಮತ್ತು ಅದರೊಡನೆ ಬಳಕೆಯಲ್ಲಿದ್ದ ಪದಸಂಪತ್ತು. ಜನಪದ ಅಧ್ಯಯನವು ಹಾಡು, ಕಥೆಗಳಿಗೆ ತೋರಿದ ಆಸ್ಥೆಯನ್ನು ಅಡುಗೆಮನೆಯ ಮಾತಿಗೂ ತೋರಬೇಕಾಗಿದೆ. ಸಾಮಗ್ರಿಗಳ ಪಟ್ಟಿಯನ್ನು ಬರೆದುಕೊಂಡರೆ ಸಾಲದು. ಪಾಕ ಕುದಿಯುವಾಗ ಹಿರಿಯಳು ಯಾವ ಗಳಿಗೆಯಲ್ಲಿ ‘ಸಾಕು’ ಎನ್ನುತ್ತಾಳೆ, ಏನನ್ನು ನೋಡಿ ಹಾಗೆನ್ನುತ್ತಾಳೆ ಎಂಬುದು ದಾಖಲಾಗಬೇಕು.