ಮರೆಮಾಚಲಾಗದ ದೂರ

ಗಣಕಯಂತ್ರದ ಪಂಡಿತರು 'ಆಬ್ಜೆಕ್ಟ್' ಎಂಬ ಮಾತನ್ನು ಪದೇ ಪದೇ ಆಡುತ್ತಾರೆ. ಅದರ ತಾತ್ಪರ್ಯವು ಹೋಟೆಲುಗಳಲ್ಲಿ ದುಡಿಯುವ ನಮ್ಮವರಿಗೆ ಅಪರಿಚಿತವೇನಲ್ಲ. ಮಾಣಿಯು 'ಎರಡು ಮಸಾಲೆ' ಎಂದು ಕೂಗಿದರೆ ಸಾಕು. ಹಿಟ್ಟು ಯಾವ ಪಾತ್ರೆಯಲ್ಲಿದೆ, ಕಾವಲಿ ಎಷ್ಟು ಕಾದಿದೆ ಎಂಬುದೆಲ್ಲ ಭಟ್ಟರ ಚಿಂತೆ. ಒಳಗಿನ ವ್ಯವಹಾರವನ್ನು ಒಳಗೇ ಇರಿಸಿ, ಕೇಳಬಹುದಾದ ಕೆಲಸಗಳನ್ನಷ್ಟೆ ಹೊರಗೆ ತೋರಿಸುವ ಈ ಪದ್ಧತಿಯ ಬೀಜವು, 1960ರ ದಶಕದಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಡಾಲ್ ಮತ್ತು ನ್ಯೂಗೋರ್ ಎಂಬಿಬ್ಬರು ರಚಿಸಿದ 'ಸಿಮ್ಯುಲಾ' ಭಾಷೆಯಲ್ಲಿದೆ.

ಮುಂದೆ ಯಂತ್ರಗಳು ಒಂದಕ್ಕೊಂದು ಜೋಡಣೆಗೊಂಡಾಗ ತಜ್ಞರಿಗೆ ಆಸೆಯೊಂದು ಹುಟ್ಟಿತು. ಕಾಗದದ ಮೇಲೆ ಯೋಜಿಸಿದ ಆಬ್ಜೆಕ್ಟುಗಳನ್ನು ಇದ್ದ ಹಾಗೆಯೇ ಬೇರೆ ಬೇರೆ ಊರುಗಳ ಯಂತ್ರಗಳಲ್ಲಿ ಹಂಚಿಟ್ಟರೇನು? ಕೇಳುವವನಿಗೆ ದೂರವೇ ತಿಳಿಯದಿರಲಿ! 1991ರಲ್ಲಿ ಹೊರಬಂದ 'ಕಾರ್ಬಾ' ನಿಯಮಾವಳಿಯೂ ಈ ಹಾದಿಯದೇ.

1994ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಜಿಮ್ ವಾಲ್ಡೋ ಮೊದಲಾದ ನಾಲ್ವರು ಲೇಖನವೊಂದನ್ನು ಬರೆದು ಈ ಆಸೆಗೆ ತಣ್ಣೀರೆರಚಿದರು. ಊಟದ ಮನೆ ಮಾಟುಂಗದಲ್ಲಿ, ಅಡಿಗೆಮನೆ ಠಾಣೆಯಲ್ಲಿ ಎಂದಿಟ್ಟುಕೊಳ್ಳೋಣ. ಕೂಗಿದ ಮೇಲೆ ಉತ್ತರ ಬರಲಿಲ್ಲ. ಭಟ್ಟರಿಗೆ ಕೇಳಿಸಲಿಲ್ಲವೆ? ಕೇಳಿಸಿಯೂ ದೋಸೆ ಸೀದುಹೋಯಿತೆ? ಸಿದ್ಧವಾಗಿ ಹೊರಟದ್ದು ದಾರಿಯಲ್ಲಿ ಬಿತ್ತೆ? ಮೂರರಲ್ಲಿ ಯಾವುದಾದರೂ ಮಾಣಿಗೆ ದೊರೆಯುವುದು ಒಂದೇ ಮೌನ. ಒಂದೇ ಯಂತ್ರದೊಳಗೆ ಈ ಸಂದೇಹಕ್ಕೆ ಎಡೆಯಿಲ್ಲ. ಕೆಟ್ಟರೆ ಎಲ್ಲವೂ ಒಟ್ಟಿಗೇ ಕೆಡುತ್ತದೆ. 1997ರಲ್ಲಿ ಜಾವಾ ಭಾಷೆಯಲ್ಲಿ ಬಂದ ದೂರದ ಆಬ್ಜೆಕ್ಟುಗಳ ಏರ್ಪಾಟಿನಲ್ಲಿ, ಅಂಥ ಪ್ರತಿಯೊಂದು ಕೆಲಸದ ಜೊತೆಗೂ 'ಇದು ವಿಫಲವಾಗಬಹುದು' ಎಂದು ನಮೂದಿಸಲೇಬೇಕೆಂದು ವಿಧಿಸಲಾಯಿತು. ಇದು ನಮಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ದೋಸೆಯಾದರೆ ಇನ್ನೊಂದು ಹೊಯ್ದಾರು. ಊರಿನಲ್ಲಿರುವ ತಾಯಿಗೆ ಮೊಬೈಲಿನಿಂದ ಐದು ಸಾವಿರ ಕಳುಹಿಸುವ ಗುಮಾಸ್ತನ ಗತಿಯೇನು? ಗುಂಡಿಯನ್ನೊತ್ತಿದ ಕ್ಷಣದಲ್ಲೇ ಸಂಪರ್ಕ ಕಡಿದರೆ ಪುನಃ ಒತ್ತಬೇಕೆ, ಬೇಡವೆ? ಬ್ಯಾಂಕಿನ ಖಾತೆಯೂ ಒಂದು ಆಬ್ಜೆಕ್ಟ್, ಹಣ ಕಳೆಯುವುದೂ ಕೂಡುವುದೂ ಅದರ ಕೆಲಸಗಳು ಎಂಬ ಅಂದವಾದ ನಕಾಶೆಯು ಈ ಪ್ರಶ್ನೆಗೆ ಉತ್ತರ ಕೊಡದು. ಆದುದರಿಂದ ಬಲ್ಲವರು ಪ್ರತಿಯೊಂದು ಕೋರಿಕೆಗೂ ಬೇರೆ ಬೇರೆ ಸಂಖ್ಯೆಯನ್ನು ಕೊಡುತ್ತಾರೆ. ಅದೇ ಸಂಖ್ಯೆಯ ಕೋರಿಕೆಯು ಎರಡನೆಯ ಸಲ ಬಂದರೆ, ಆಚೆಯ ಯಂತ್ರವು ಹಣವನ್ನು ಮತ್ತೆ ಕಳೆಯದೆ ಹಿಂದಿನ ಉತ್ತರವನ್ನೇ ತಿರುಗಿ ಹೇಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಯಂತ್ರವು ತಾನಾಗಿ ಮರಳಿ ಕೇಳಿದಾಗ ಸಂಖ್ಯೆ ಹಳೆಯದೇ. ನಾವು ಅವಸರಪಟ್ಟು ಮೊದಲಿನಿಂದ ಕಳುಹಿಸಿದರೆ ಸಂಖ್ಯೆ ಹೊಸದು, ಪಾವತಿಯೂ ಹೊಸದು. ವಾಚಕರು ಮೊದಲು ಹಳೆಯ ಸಂಖ್ಯೆಯ ಗತಿ ಏನಾಯಿತೆಂದು ವ್ಯವಹಾರಗಳ ಪಟ್ಟಿಯಲ್ಲಿ ನೋಡಿಕೊಳ್ಳಲಿ.