ಮೂವರು, ಆದರೂ ಒಬ್ಬರೇ ದೇವರು

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕ್ರೈಸ್ತರ ತ್ರಿತ್ವದ ಮಾತು ಬಂದರೆ ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯ ನೆನಪಾಗುವುದು ಸಹಜ. ಹೊಯ್ಸಳರ ಕಾಲದ ತ್ರಿಕೂಟ ಅದು. ಗರ್ಭಗುಡಿ ಮೂರು, ನವರಂಗ ಒಂದೇ. ಪಿತ, ಸುತ, ಪವಿತ್ರಾತ್ಮ ಎಂದರೂ ಹೀಗೇ ಇರಬೇಕು, ಇಲ್ಲವೇ ಸೃಷ್ಟಿ-ಸ್ಥಿತಿ-ಲಯದ ತ್ರಿಮೂರ್ತಿಗಳಂತೆ ಇರಬೇಕು ಎನ್ನಿಸುತ್ತದೆ.

ಕ್ರೈಸ್ತ ದೇವಶಾಸ್ತ್ರ ಹೇಳುವುದು ಬೇರೆ. ಇಲ್ಲಿ ಮೂವರು ಮೂರು ಗುಡಿಗಳಲ್ಲಿ ಇಲ್ಲ, ಕೆಲಸವನ್ನೂ ಹಂಚಿಕೊಂಡಿಲ್ಲ. ಮನುಷ್ಯರಾಗಿ ಹುಟ್ಟಿದ್ದು ಸುತ ಮಾತ್ರ, ನಿಜ. ಆದರೆ ಸೃಷ್ಟಿಯಾಗಲಿ, ಉದ್ಧಾರವಾಗಲಿ, ಮೂವರೂ ಸೇರಿ ಮಾಡುವ ಒಂದೇ ಕಾರ್ಯ. ಹಾಗಾದರೆ ಭೇದ ಎಲ್ಲಿ? ಸಂಬಂಧದಲ್ಲಿ ಮಾತ್ರ. ಮಗನಿಲ್ಲದೆ ತಂದೆ ಎಂಬ ಹೆಸರೇ ನಿಲ್ಲುವುದಿಲ್ಲ. ಅಂದರೆ ದೇವರ ಸ್ವಭಾವದಲ್ಲೇ ಪ್ರೀತಿಯಿದೆ. ಪ್ರೀತಿಸಲು ಜಗತ್ತು ಹುಟ್ಟಲಿ ಎಂದು ಅವರು ಕಾಯಬೇಕಿರಲಿಲ್ಲ. ಈ ಇಡೀ ಚಿಂತನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಇಷ್ಟಕ್ಕೆ ಬರಲು ಶತಮಾನಗಳೇ ಹಿಡಿದವು. ಸುತನೂ ಸೃಷ್ಟಿಯಾದವನೇ ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ವಾದಿಸಿದ. 325ರಲ್ಲಿ ಈಗಿನ ಟರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಅದನ್ನು ತಳ್ಳಿಹಾಕಿ, ತಂದೆಯದೂ ಮಗನದೂ ಒಂದೇ ಸತ್ವ ಎಂದು ಸಾರಿದರು. ಪವಿತ್ರಾತ್ಮರಿಗೂ ಅದೇ ಆರಾಧನೆ ಸಲ್ಲಬೇಕೆಂದು 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಸ್ಥಿರವಾಯಿತು. ಇದೆಲ್ಲ ಪಂಡಿತರ ಒಣಜಗಳ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಿಲುಬೆಯ ಮೇಲೆ ನರಳಿದ್ದು ದೇವರೇ ಅಲ್ಲವಾದರೆ, ನಮ್ಮ ಸಾವುನೋವಿನೊಳಗೆ ದೇವರು ಇಳಿದು ಬಂದರೆಂಬ ನಂಬಿಕೆಗೆ ಬುಡವೇ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಈ ನಂಬಿಕೆ ಎರಡು ಸಂಪ್ರದಾಯಗಳಲ್ಲಿ ಕಾಣುತ್ತದೆ. ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ಸ್ಥಾಪನೆಯಾಯಿತು. ಅದು ಲ್ಯಾಟಿನ್ ಸಂಪ್ರದಾಯದ್ದು. ಭದ್ರಾವತಿಯದು 2007ರಲ್ಲಿ ಬಂದ ಸಿರೋ-ಮಲಬಾರ್ ಧರ್ಮಪ್ರಾಂತ್ಯ; ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಕುಟುಂಬಗಳ ಸಂಪ್ರದಾಯ ಅದು. ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಹಣೆ, ಎದೆ, ಭುಜಗಳನ್ನು ಮುಟ್ಟಿಕೊಳ್ಳುವುದು ಎರಡೂ ಕಡೆ ಒಂದೇ. ಶಿಲುಬೆ ಮಾತ್ರ ಬೇರೆ. ಲ್ಯಾಟಿನ್ ಕ್ರೈಸ್ತರ ಶಿಲುಬೆಯಲ್ಲಿ ಯೇಸುವಿನ ದೇಹವಿದೆ, ಮೊಳೆ ಹೊಡೆದ ಗಾಯಗಳಿವೆ. ಸಿರೋ-ಮಲಬಾರಿನವರ ಮಾರ್ ತೋಮಾ ಶಿಲುಬೆ ಬರಿದು. ಅದು ತಾವರೆಯ ಮೇಲೆ ನಿಂತಿದೆ, ನಾಲ್ಕು ತುದಿಗಳೂ ಮೊಗ್ಗಿನಂತೆ ಅರಳಿವೆ, ಮೇಲಿನಿಂದ ಪಾರಿವಾಳವೊಂದು ತಲೆಕೆಳಗಾಗಿ ಇಳಿಯುತ್ತಿದೆ. ಪಾರಿವಾಳ ಪವಿತ್ರಾತ್ಮರ ಗುರುತು. ಶಿಲುಬೆ ಬರಿದಾಗಿರುವುದು ಯೇಸು ಪುನರುತ್ಥಾನರಾದ ಕಾರಣಕ್ಕೆ. ತಂದೆಯನ್ನು ಅಲ್ಲಿ ಕೆತ್ತಿಲ್ಲ. ಆದರೆ ಮಗನನ್ನು ಸಾವಿನಿಂದ ಎಬ್ಬಿಸಿದವರು ಅವರೇ.