ಶಿಶು ಮತ್ತು ಎಳೆಯ ಮಕ್ಕಳ ದಂತ ಆರೈಕೆ

ಶಿಶು ಮತ್ತು ಎಳೆಯ ಮಕ್ಕಳ ದಂತ ಆರೈಕೆ ಎಂದರೆ ಹುಟ್ಟಿನಿಂದ ಸುಮಾರು 3 ವರ್ಷದವರೆಗೆ ಮಗುವಿನ ಒಸಡು ಹಾಗೂ ಹಾಲುಹಲ್ಲುಗಳನ್ನು ಶುಚಿಯಾಗಿಟ್ಟು, ಹುಳುಕು ತಗಲದಂತೆ ಕಾಪಾಡುವ ಕ್ರಮ. ಹಾಲುಹಲ್ಲು ಹೇಗೂ ಬೀಳುವಂಥದ್ದು ಎಂಬ ಭಾವನೆಯಿಂದ ಈ ಆರೈಕೆ ಅನೇಕ ಮನೆಗಳಲ್ಲಿ ತಡವಾಗಿ ಆರಂಭವಾಗುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಪರಿಸರದಲ್ಲಿ ಸಿಹಿಯ ಬಳಕೆ ಹಾಗೂ ಕುಡಿಯುವ ನೀರು ಎರಡೂ ಈ ವಿಷಯಕ್ಕೆ ಸಂಬಂಧಿಸಿವೆ.

ಹಾಲುಹಲ್ಲುಗಳು

ಹಾಲುಹಲ್ಲುಗಳು ಒಟ್ಟು 20. ಸಾಮಾನ್ಯವಾಗಿ 6ರಿಂದ 10 ತಿಂಗಳ ನಡುವೆ ಕೆಳಗಿನ ಎರಡು ಬಾಚಿಹಲ್ಲುಗಳು ಮೊದಲು ಕಾಣಿಸಿಕೊಳ್ಳುತ್ತವೆ; ಸುಮಾರು ಎರಡೂವರೆಯಿಂದ 3 ವರ್ಷದೊಳಗೆ ಎಲ್ಲವೂ ಬರುತ್ತವೆ. ಮೇಲಿನ ಹಲ್ಲು ಮೊದಲು ಮೂಡಿದರೆ ಸೋದರಮಾವನಿಗೆ ಕೇಡು ಎಂಬ ನಂಬಿಕೆ ಕರ್ನಾಟಕದ ಕೆಲವೆಡೆ ಇದೆ, ಇದಕ್ಕೆ ಆಧಾರವಿಲ್ಲ. ಹಲ್ಲು ಬರುವಾಗ ಜೊಲ್ಲು, ಒಸಡಿನ ನೋವು, ಕಿರಿಕಿರಿ ಸಹಜ. ಆದರೆ ತೀವ್ರ ಜ್ವರ ಮತ್ತು ಭೇದಿಗೆ ಹಲ್ಲು ಕಾರಣವಲ್ಲ. ಹಾಗೆಂದುಕೊಂಡು ಚಿಕಿತ್ಸೆ ತಡಮಾಡಿದರೆ ಮಗುವಿನ ದೇಹದ ನೀರಿನಂಶ ಕಡಿಮೆಯಾಗಿ ಪ್ರಾಣಾಪಾಯ ಒದಗಬಹುದು.

ಹಾಲುಹಲ್ಲುಗಳು ಅಗಿಯಲು ಮತ್ತು ಸ್ಪಷ್ಟವಾಗಿ ಮಾತನಾಡಲು ನೆರವಾಗುವುದಲ್ಲದೆ ಶಾಶ್ವತ ಹಲ್ಲುಗಳಿಗೆ ಜಾಗವನ್ನು ಕಾಯ್ದಿರಿಸುತ್ತವೆ. ಹಿಂಭಾಗದ ಹಾಲುದವಡೆ ಹಲ್ಲುಗಳು 10ರಿಂದ 12ನೇ ವಯಸ್ಸಿನವರೆಗೂ ಉಳಿಯುತ್ತವೆ. ಹುಳುಕು ಬೇರಿನವರೆಗೆ ಇಳಿದು ಕೀವಾದರೆ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಹಾನಿಯಾಗಬಹುದು.

ಹುಳುಕು ಉಂಟಾಗುವ ಬಗೆ

ಬಾಯಿಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಎನಾಮಲ್ ಪದರವನ್ನು ಕರಗಿಸುತ್ತದೆ. ಒಟ್ಟು ತಿಂದ ಸಿಹಿಯಷ್ಟೇ ಅಲ್ಲ, ದಿನದಲ್ಲಿ ಎಷ್ಟು ಸಲ ತಿಂದರೆಂಬುದೂ ಮುಖ್ಯ. ಸಿಹಿ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಿದರೆ, ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಾನಿ ಹೆಚ್ಚು. ಒಸಡಿನ ಅಂಚಿನಲ್ಲಿ ಮಾಸಲು ಬಿಳಿ ಗೆರೆ ಕಾಣುವುದು ಮೊದಲ ಲಕ್ಷಣ. ಈ ಹಂತದಲ್ಲಿ ಹುಳುಕನ್ನು ತಡೆಯಲು ಸಾಧ್ಯ.

ಈ ತಾಲ್ಲೂಕುಗಳಲ್ಲಿ ಕಬ್ಬು ಪ್ರಮುಖ ಬೆಳೆ. ಮಹಾಲಿಂಗಪುರ ಬೆಲ್ಲದ ಮಾರುಕಟ್ಟೆಗೆ ಹೆಸರಾಗಿದೆ. ಬೆಲ್ಲ ಸಕ್ಕರೆಗಿಂತ ಒಳ್ಳೆಯದೆಂದು ಭಾವಿಸುವವರುಂಟು. ಹಲ್ಲಿನ ಮಟ್ಟಿಗೆ ಎರಡೂ ಒಂದೇ, ಏಕೆಂದರೆ ಬೆಲ್ಲದ ಮುಖ್ಯ ಅಂಶವೂ ಸಕ್ಕರೆಯೇ. 2 ವರ್ಷದೊಳಗಿನ ಮಗುವಿಗೆ ಸಕ್ಕರೆ, ಬೆಲ್ಲ ಸೇರಿಸದ ಆಹಾರ ಸೂಕ್ತ. ಅಳುವ ಮಗುವನ್ನು ಸುಮ್ಮನಾಗಿಸಲು ಬೆಲ್ಲದ ಚೂರು ಅಥವಾ ಬಿಸ್ಕತ್ತು ಕೊಡುವ ರೂಢಿ ಹುಳುಕಿಗೆ ಎಡೆಮಾಡುತ್ತದೆ. 1 ವರ್ಷ ತುಂಬುವ ಮುನ್ನ ಜೇನುತುಪ್ಪವನ್ನು ನೆಕ್ಕಿಸಬಾರದು.

ನೀರಿನ ಫ್ಲೋರೈಡ್

ಬಾಗಲಕೋಟೆ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಶಾಶ್ವತ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುವ ಮೊದಲ 8 ವರ್ಷಗಳಲ್ಲಿ ಇಂಥ ನೀರನ್ನು ಸತತವಾಗಿ ಕುಡಿದರೆ ಅವುಗಳ ಮೇಲೆ ಬಿಳಿ ಅಥವಾ ಕಂದು ಕಲೆಗಳು ಉಳಿಯುತ್ತವೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸುವುದು ಅಗತ್ಯ.

ಆರೈಕೆಯ ಕ್ರಮ

- ಹಲ್ಲು ಬರುವ ಮುನ್ನ: ಹಾಲುಣಿಸಿದ ಬಳಿಕ ಒದ್ದೆ ಮಾಡಿದ ಶುಭ್ರ ಬಟ್ಟೆಯಿಂದ ಒಸಡನ್ನು ಒರೆಸುವುದು.
- ಮೊದಲ ಹಲ್ಲು ಬಂದಾಗಿನಿಂದ 3 ವರ್ಷದವರೆಗೆ: ಮೆದು ಬ್ರಷ್‌ನಿಂದ ದಿನಕ್ಕೆ ಎರಡು ಸಲ ಉಜ್ಜುವುದು, ಫ್ಲೋರೈಡ್ ಪೇಸ್ಟು ಅಕ್ಕಿಕಾಳಿನಷ್ಟು ಮಾತ್ರ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ದಂತವೈದ್ಯರ ಸಲಹೆ ಪಡೆಯಬೇಕು.
- 3ರಿಂದ 6 ವರ್ಷ: ಬಟಾಣಿ ಕಾಳಿನಷ್ಟು ಪೇಸ್ಟು, ಉಜ್ಜಿಸುವ ಹೊಣೆ ಹಿರಿಯರದು.
- ಇದ್ದಿಲು, ಬೂದಿ ಮತ್ತು ತಂಬಾಕಿನ ಮಿಶ್ರಿಯನ್ನು ಮಕ್ಕಳ ಹಲ್ಲಿಗೆ ಹಚ್ಚಬಾರದು.

ಸುಮಾರು 6ನೇ ವರ್ಷದಲ್ಲಿ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಮೂಡುವುದರಿಂದ ಇದನ್ನೂ ಹಾಲುಹಲ್ಲೆಂದು ತಿಳಿದು ಅಲಕ್ಷಿಸುವುದುಂಟು.

ತಪಾಸಣೆ

ಮೊದಲ ಹಲ್ಲು ಕಂಡಾಗ, ತಪ್ಪಿದರೆ 1 ವರ್ಷ ತುಂಬುವುದರೊಳಗೆ ದಂತವೈದ್ಯರಿಗೆ ತೋರಿಸುವುದು ಉತ್ತಮ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸುವ ವ್ಯವಸ್ಥೆಯಿದ್ದು, ಹಲ್ಲಿನ ತೊಂದರೆಗಳೂ ಅದರಲ್ಲಿ ಸೇರಿವೆ. ಜಿಲ್ಲಾ ಕೇಂದ್ರವಾದ ಬಾಗಲಕೋಟೆಯಲ್ಲಿ ಪಿ.ಎಂ.ಎನ್.ಎಂ. ದಂತ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ಇದೆ.